ಮುಚ್ಚಿದ ಹಳೆಯ ಪೋರ್ಟ್

"ಮೇಡಂ, ಪುಟ ತೆರೀತಾನೇ ಇಲ್ಲ. ಐದಕ್ಕೆ ಗಡುವು ಮುಗಿಯುತ್ತೆ."

ಫೋನಿನಲ್ಲಿ ಮೂರನೇ ಮಹಡಿಯ ನಕ್ಷೆಗಾರ. ಕಾರಣ ಅವಳಿಗೆ ಕೇಳುವ ಮೊದಲೇ ಗೊತ್ತಿತ್ತು. ಕಚೇರಿಯವರು ತೆರೆಯುವ ಪ್ರತಿ ಪುಟವೂ ಅವಳು ನೋಡಿಕೊಳ್ಳುವ ಪ್ರಾಕ್ಸಿ ಸರ್ವರ್ ದಾಟಿಯೇ ಬರಬೇಕು. ಇಷ್ಟು ದಿನ ಅದು 3128ನೇ ಪೋರ್ಟಿನಲ್ಲಿ, ಅಂದರೆ ಆ ಸಂಖ್ಯೆಯ ಬಾಗಿಲಲ್ಲಿ, ಕಿವಿಗೊಟ್ಟು ಕೂತಿತ್ತು. ಬೆಳಗ್ಗೆ ಅವಳೇ ಅದನ್ನು ಮುಚ್ಚಿ 8080 ತೆರೆದಿದ್ದಳು. ಎಲ್ಲರೂ ತಮ್ಮ ಕಂಪ್ಯೂಟರಿನಲ್ಲಿ ಹೊಸ ಸಂಖ್ಯೆ ಹಾಕಿಕೊಂಡಿದ್ದರು, ಇವನೊಬ್ಬನನ್ನು ಬಿಟ್ಟು.

"ಯಾವ ಪುಟ?"

"ವರ್ಗಾವಣೆಗೆ ಒಪ್ಪಿಗೆ ಕೊಡೋದು."

ಅವನನ್ನು ಕರೆದಿದ್ದು ಎರಡು ಹಗಲಿನ ಪ್ರಯಾಣದಷ್ಟು ದೂರದ ಶಾಖೆಗೆ. ಹೋದವರು ಯಾರೂ ವಾಪಸ್ ಬಂದದ್ದಿಲ್ಲ.

"ನೋಡ್ತೀನಿ. ಫೋನ್ ಇಡ್ಬೇಡಿ," ಎಂದಳು.

ಹೊಸ ಸಂಖ್ಯೆ ಹೇಳಿದರೆ ಮುಗಿಯಿತು. ಇಲ್ಲವೇ ಹಳೆಯ ಪೋರ್ಟಿನ ಒಂದು ಸಾಲನ್ನು ಸರ್ವರಿನ ಸೆಟ್ಟಿಂಗ್ ಫೈಲಿಗೆ ಮತ್ತೆ ಸೇರಿಸಿದರಾಯಿತು. ಅವಳು ಎರಡನ್ನೂ ಮಾಡಲಿಲ್ಲ. ಸುಮ್ಮನೆ ಕೀಲಿಗಳನ್ನು ಟಕಟಕ ಒತ್ತಿದಳು, ಅವನಿಗೆ ಕೇಳಲೆಂದು.

"ಸರ್ವರ್‌ಗೆ ನನ್ನ ಮೇಲೆ ಏನೋ ಕೋಪ," ಎಂದ ಅವನು.

"ನೀವು ಅದನ್ನ ಮಾತಾಡ್ಸೋದೇ ಇಲ್ವಲ್ಲ."

"ಅದನ್ನ ನೋಡ್ಕೊಳ್ಳೋರನ್ನ ಮಾತಾಡ್ಸ್ತೀನಲ್ಲ, ಸಾಲದಾ?"

ಕೆನ್ನೆ ಬಿಸಿಯಾಯಿತು. 'ನೀನು ಬಾಯಿ ಬಿಡೋದು ಯಂತ್ರದ ಮುಂದೆ ಮಾತ್ರ ಕಣೇ' ಎಂದು ಅಕ್ಕ ಹಂಗಿಸುತ್ತಿದ್ದುದು ಸುಳ್ಳಲ್ಲ. ನಲವತ್ತೊಂದು ವರ್ಷ ಯಾರಿಂದಲೂ ಏನನ್ನೂ ಕೇಳದವಳು ಈಗ ಒಂದು ಪುಟ ತೆರೆಯದಂತೆ ತಡೆದು ಒಬ್ಬನನ್ನು ಉಳಿಸಿಕೊಳ್ಳಲು ಹೊರಟಿದ್ದಳು. ನಾಲ್ಕು ಮೂವತ್ತು. ನಾಲ್ಕು ನಲವತ್ತು. ದಾರಿಗೆ ಅಡ್ಡ ಕೂತು ಉಳಿಸಿಕೊಂಡರೆ, ನಾಳೆ ಆ ಮುಖವನ್ನು ಹೇಗೆ ನೋಡುವುದು?

ಫೈಲಿಗೆ ಹಳೆಯ ಪೋರ್ಟಿನ ಸಾಲು ಸೇರಿಸಿದಳು. ಸರ್ವರಿನಿಂದ ಅದನ್ನು ಮತ್ತೊಮ್ಮೆ ಓದಿಸಿದಳು.

"ಬಂತು," ಎಂದ ಅವನು. ದನಿಯಲ್ಲಿ ಸಂತೋಷವಿರಲಿಲ್ಲ.

"ಕಳಿಸಿ. ಇನ್ನೂ ಹತ್ತು ನಿಮಿಷ ಇದೆ." ತಡೆಯಲಾಗಲಿಲ್ಲ. "ಕ್ಷಮಿಸಿ. ಇದು ಒಂದು ನಿಮಿಷದ ಕೆಲಸ ಆಗಿತ್ತು. ನಾನೇ ಬೇಕಂತ ತಡ ಮಾಡ್ದೆ."

ಯಾರ ಕಂಪ್ಯೂಟರಿನಿಂದ ಏನು ಹೋಯಿತೆಂದು ಪರದೆಯ ಮೇಲೆ ಸಾಲುಸಾಲಾಗಿ ದಾಖಲಾಗುತ್ತಿತ್ತು. ಅವನ ಒಪ್ಪಿಗೆಯ ಸಾಲಿಗಾಗಿ ಅವಳು ಕಾದಳು. ಬರಲಿಲ್ಲ.

"ಮೇಡಂ, ಹೊಸ ನಂಬರ್ ಹಾಕ್ಕೊಳ್ಳಿ ಅಂತ ನೀವು ಕಳಿಸಿದ ಸೂಚನೆ ನಾನು ಬೆಳಗ್ಗೇನೇ ಓದಿದ್ದೆ."

"ಮತ್ತೆ ಯಾಕೆ ಹಾಕ್ಲಿಲ್ಲ?"

"ಹಾಕಿದ್ರೆ ನಿಮಗೆ ಫೋನ್ ಮಾಡೋಕೆ ನೆಪ ಎಲ್ಲಿತ್ತು? ನೀವು ಒಂದು ಮಾತು ಹೇಳ್ತೀರೇನೋ ಅಂತ ಅರ್ಧ ಗಂಟೆಯಿಂದ ಕೂತಿದೀನಿ."

ಅವಳ ಕಣ್ಣು ಮಂಜಾಯಿತು. ಪರದೆಯ ಅಂಕಿಗಳೆಲ್ಲ ಕಲಸಿಹೋದವು.

"ಹೋಗ್ಬೇಡಿ," ಎಂದಳು.

ಐದಾಯಿತು.

"ಇನ್ನೊಂದ್ಸಲ ಹೇಳಿ. ಲೈನ್ ಸರಿ ಇರ್ಲಿಲ್ಲ."

ಲೈನ್ ಚೆನ್ನಾಗಿಯೇ ಇತ್ತು. ಆದರೂ ಹೇಳಿದಳು.