ಒಂದೇ ಒಂದು ಟಿಕ್

ಟಿಕ್.

ರಾತ್ರಿ ಆ ಸದ್ದು ಕೇಳಿಸಿದ್ದು ಒಂದೇ ಸಲ. ವಸ್ತುಸಂಗ್ರಹಾಲಯದ ಮಹಡಿಯಲ್ಲಿ ಮಲಗಿದ್ದ ಆದೆಲ್ ವುರ್ತ್ಸ್ ಎದ್ದು ಕೂತು, ಇನ್ನೊಮ್ಮೆ ಕೇಳೀತೇನೋ ಎಂದು ಉಸಿರು ಬಿಗಿಹಿಡಿದಳು. ಕೇಳಲಿಲ್ಲ. ಬೆಳಿಗ್ಗೆ ಕೆಳಗಿಳಿದು ನೋಡಿದರೆ ಗಾಜಿನ ಪೆಟ್ಟಿಗೆ ಖಾಲಿ. ಒರೆಯ ಸಮೇತ ಕತ್ತಿ ಮಾಯವಾಗಿತ್ತು.

ಮಧ್ಯಾಹ್ನದ ಹೊತ್ತಿಗೆ ವಿಮೆ ಕಂಪನಿಯ ಕಡೆಯಿಂದ ಸೊಲಾಂಜ್ ಕೆರ್ನ್ ಬಂದಳು. ಬೆಟ್ಟದ ರಸ್ತೆಯ ತಿರುವುಗಳಲ್ಲಿ ಅವಳ ಸೊಂಟ ಹಿಡಿದುಕೊಂಡಿತ್ತು. ಕಳ್ಳರನ್ನು ಹುಡುಕುವ ಉತ್ಸಾಹ ಅವಳಲ್ಲಿ ಯಾವತ್ತೋ ಆರಿಹೋಗಿತ್ತು. ಉಳಿದಿದ್ದು ಅಭ್ಯಾಸ ಮಾತ್ರ.

"ಸದ್ದು ಯಾವುದರದ್ದು?"

"ಆ ಕತ್ತೀದೇ, ಮದಾಮ್. ಅದರ ಹಿಡಿಯ ತಟ್ಟೇದು," ಎಂದಳು ಆದೆಲ್. ಅಲ್ಲಿನ ಉಸ್ತುವಾರಿ ಅವಳದು. "ಭಾನುವಾರ ಭಾನುವಾರ ಜನಕ್ಕೆ ನಾನೇ ತೋರಿಸ್ತೀನಲ್ಲ. ಬಿಚ್ಚಿದ್ರೆ ಒಂದು ಟಿಕ್, ಮಡಚಿದ್ರೆ ಇನ್ನೊಂದು."

"ರಾತ್ರಿ ಕೇಳಿದ್ದು?"

"ಒಂದೇ."

"ಪೆಟ್ಟಿಗೇಲಿ ಹೇಗಿತ್ತು?"

"ಮಡಚಿತ್ತು. ಪೆಟ್ಟಿಗೆಗೆ ಆಳ ಸಾಲದು."

ಗೋಡೆಯ ಮೇಲೆ ದೊಡ್ಡ ಫಲಕವಿತ್ತು: 'ಮಡಚುವ ತಟ್ಟೆ ಹುಟ್ಟಿದ್ದು ಇಲ್ಲಿ, ಕುಂಟ್ಸ್‌ಮನ್ ಕತ್ತಿ ಕಮ್ಮಟದಲ್ಲಿ.' ಹಿಂದೆ ಅಧಿಕಾರಿಗಳ ಕತ್ತಿ ಎಡಸೊಂಟಕ್ಕೆ ನೇತಾಡುತ್ತಿದ್ದಾಗ, ಕೈ ಕಾಯುವ ಹಿತ್ತಾಳೆ ತಟ್ಟೆ ಪಕ್ಕೆಗೆ ಚುಚ್ಚುತ್ತಿತ್ತು, ಕೋಟನ್ನು ಸವೆಸುತ್ತಿತ್ತು. ಯಾರೋ ಜಾಣ ಒಳಬದಿಯ ತಟ್ಟೆಗೆ ಕೀಲು, ಸ್ಪ್ರಿಂಗು ಕೂರಿಸಿ ಮಡಚುವಂತೆ ಮಾಡಿದ. ಆ ಜಾಣ ಯಾರು? ತಮ್ಮ ಊರಿನವನೇ ಎಂದು ಈ ಊರು ಹೇಳುತ್ತ ಬಂದಿತ್ತು. ಆ ಮಾತಿಗಿದ್ದ ಸಾಕ್ಷಿ ಈ ಕತ್ತಿ; ಪ್ರವಾಸಿಗರ ಬಸ್ಸು ನಿಲ್ಲುತ್ತಿದ್ದುದು ಆ ಮಾತಿನಿಂದಲೇ.

ಅಲ್ಲ, ಪ್ಯಾರಿಸ್ಸಿನವನು ಎಂದು ಪುಸ್ತಕ ಬರೆದವನು ವಿದ್ವಾಂಸ ಗೋತಿಯೆ ದೆಲ್ಮಾ. ಈ ದಿನವೇ ಅವನು ಈ ಕತ್ತಿಯ ಕೀಲಿನ ಮೊಳೆ ಕಳಚಿ ಒಳಗನ್ನು ಪರೀಕ್ಷಿಸಬೇಕಿತ್ತು. ನಿನ್ನೆಯೇ ಬಂದು ಎದುರಿನ ಛತ್ರದಲ್ಲಿ ಉಳಿದಿದ್ದ.

"ನನ್ನ ಪುಸ್ತಕ ಸುಳ್ಳಾಗುತ್ತೆ ಅಂತ ನಾನೇ ಕದ್ದೆ ಅಂತೀರಾ?" ದೆಲ್ಮಾ ಕೆರಳಿದ.

"ಅಷ್ಟೆಲ್ಲ ಅನ್ನೋಕೆ ನಂಗಿನ್ನೂ ಕಾಫಿ ಆಗಿಲ್ಲ, ಸ್ವಾಮಿ. ಈ ಪೆಟ್ಟಿಗೆ ಬೀಗದ ಕೈ ಎಲ್ಲಿರುತ್ತೆ?"

"ಬಾಗಿಲ ಹಿಂದಿನ ಮೊಳೇಲಿ," ಎಂದಳು ಆದೆಲ್, ತಲೆ ತಗ್ಗಿಸಿ. "ಊರಿಗೆಲ್ಲ ಗೊತ್ತು."

ಆ ಕತ್ತಿಯ ಮೇಲೆ ಹಳೆಯ ಸಾಮಾನಿನ ವ್ಯಾಪಾರಿ ಓಸ್ಟರ್‌ಗೂ ಬಹುಕಾಲದ ಕಣ್ಣಿತ್ತು. ಸೊಲಾಂಜ್ ಕೇಳಿದಳೆಂದು ಅವನು ತನ್ನ ಅಂಗಡಿಯಿಂದ ಅಂಥದೇ ಒಂದು ಕತ್ತಿಯನ್ನು ತಟ್ಟೆ ಮಡಚಿ ತಂದ, ಆಮೇಲಿನ ಕಾಲದ್ದು, ಸಾಧಾರಣದ್ದು.

"ಕದಿಯೋದಾಗಿದ್ರೆ ಪ್ರಾಯದಲ್ಲೇ ಕದೀತಿದ್ದೆ ಕಣಮ್ಮ. ಆಗ ಓಡೋಕೆ ಮಂಡಿ ಸರಿ ಇತ್ತು."

"ಇದನ್ನ ಕೋಟಿನೊಳಗೆ ಬಚ್ಚಿಡಬೇಕು ಅಂದ್ರೆ ಹೇಗಿಡ್ತೀರಿ?"

"ಮಡಚಿ! ಬಿಚ್ಚಿದ್ರೆ ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ."

ಅದೇ ಪ್ರಶ್ನೆಗೆ ದೆಲ್ಮಾ ಕೂಡ ಕತ್ತಿಯನ್ನು ಎತ್ತಿ ನೋಡಿ, ಮಡಚಿದಂತೆಯೇ ಮೇಜಿನ ಮೇಲಿಟ್ಟ. "ಇನ್ನೇನು? ಮಡಚೋದು ಇರೋದೇ ಅದಕ್ಕೆ."

ಸೊಲಾಂಜ್ ಎಲ್ಲರನ್ನೂ ಹೊರಗೆ ಕಳಿಸಿ, ಬೂಟು ಕಳಚಿ, ಕಾಲು ಚಾಚಿ ಕೂತಳು. ಕಾಫಿ ತಂದವಳು ಫಿಲೊಮೆನ್ ಕುಂಟ್ಸ್‌ಮನ್. ಕಮ್ಮಟದ ಮನೆತನದಲ್ಲಿ ಉಳಿದಿದ್ದ ಕೊನೆಯವಳು. ಇಲ್ಲೇ ಕಸ ಗುಡಿಸಿ, ಹಿತ್ತಾಳೆ ಉಜ್ಜಿ, ಹಿಂಬದಿಯ ಕೋಣೆಯಲ್ಲಿ ಇರುತ್ತಿದ್ದಳು.

"ಮುಖ ಬಾಡಿದೆಯಲ್ಲ ಮಗಳೇ. ಒಂದು ತುಂಡು ಕೇಕು ತರ್ಲಾ?"

"ಬೇಡಮ್ಮ. ನಿದ್ದೆ ಇದ್ರೆ ಒಂದು ತುಂಡು ಕೊಡಿ."

ಮುದುಕಿ ನಕ್ಕಳು. ಬಟ್ಟಲಿಗೆ ಜಾಗ ಮಾಡಲು ಮೇಜಿನ ಮೇಲಿದ್ದ ಓಸ್ಟರ್‌ನ ಕತ್ತಿಯನ್ನು ಎತ್ತಿ ಪಕ್ಕಕ್ಕಿಟ್ಟಳು. ಇಡುವ ಮುಂಚೆ, ಅವಳ ಹೆಬ್ಬೆರಳು ತಾನಾಗಿ ಒಂದು ಗುಂಡಿ ಒತ್ತಿತು.

ಟಿಕ್. ತಟ್ಟೆ ತೆರೆದುಕೊಂಡಿತು.

ಸೊಲಾಂಜ್ ಬಟ್ಟಲನ್ನು ಬಾಯಿಗೆ ತರಲಿಲ್ಲ.

"ಯಾಕೆ ಬಿಚ್ಚಿದ್ರಿ?"

"ಏನನ್ನ?" ಫಿಲೊಮೆನ್ ತನ್ನ ಕೈಯನ್ನೇ ನೋಡಿಕೊಂಡಳು. "ಓ... ಮಡಚಿಟ್ರೆ ಸ್ಪ್ರಿಂಗು ಸೋತುಹೋಗುತ್ತೆ. ಕೆಳಗಿಡೋ ಮುಂಚೆ ಬಿಡಿಸಿ ಇಡು ಅಂತ ಅಪ್ಪ—"

ಅವಳು ಕತ್ತಿಯಿಂದ ಕೈ ಹಿಂದಕ್ಕೆಳೆದಳು.

"ಕೂತ್ಕೊಳ್ಳಿ," ಎಂದಳು ಸೊಲಾಂಜ್ ಮೆಲ್ಲಗೆ. "ಕಳ್ಳನಿಗೆ ಬೇಕಾದ ಹಾಗೆ ಕತ್ತಿ ಮಡಚೇ ಇತ್ತು. ಎತ್ಕೊಂಡು ಹೋದ್ರೆ ಮುಗೀತು, ಸದ್ದೇ ಇಲ್ಲ. ಆದ್ರೂ ಒಂದು ಟಿಕ್ ಕೇಳಿಸ್ತು. ಬಿಚ್ಚಿದ್ರು, ಮತ್ತೆ ಮಡಚಲಿಲ್ಲ. ಸದ್ದು ಯಾರದ್ದು ಅಂತ ಎಲ್ರೂ ಯೋಚಿಸಿದ್ರು. ಎರಡನೇದು ಯಾಕಿಲ್ಲ ಅಂತ ಯಾರೂ ಕೇಳಲಿಲ್ಲ. ಓಸ್ಟರ್ ಮಡಚಿ ತಂದ, ದೆಲ್ಮಾ ಮಡಚೇ ಇಟ್ಟ. ಕತ್ತಿ ಬಟ್ಟೆಗೆ ಸಿಕ್ಕಿಹಾಕ್ಕೊಳ್ಳುತ್ತೆ ಅನ್ನೋದಕ್ಕಿಂತ ಸ್ಪ್ರಿಂಗು ದಣಿಯುತ್ತೆ ಅಂತ ಚಿಂತೆ ಮಾಡೋರು ಕಮ್ಮಟದಲ್ಲಿ ಬೆಳೆದೋರು ಮಾತ್ರ. ಎಲ್ಲಿಟ್ಟಿದೀರಿ?"

ಒಲೆಯೊಳಗೆ ಕೆಂಡ ಕುಸಿದು ಬಿತ್ತು.

"ಕಲ್ಲಿದ್ದಲ ಪೆಟ್ಟಿಗೇಲಿ," ಎಂದಳು ಫಿಲೊಮೆನ್. "ಬೆಚ್ಚನೆ ಬಟ್ಟೇಲಿ ಸುತ್ತಿ."

"ದೆಲ್ಮಾ ಮೊಳೆ ತೆಗೆದ್ರೆ ಏನು ಕಾಣ್ತಿತ್ತು?"

"ಈಗಿನ ಕಾಲದ ಯಂತ್ರದಲ್ಲಿ ಕೊರೆದ ತೂತು." ಮುದುಕಿ ಏಪ್ರನ್ನಿನ ಅಂಚನ್ನು ಬೆರಳಿಗೆ ಸುತ್ತಿಕೊಂಡಳು. "ಕತ್ತಿ ಹಳೇದೇ. ಕೀಲು ಅಪ್ಪಂದು. ಯುದ್ಧ ಮುಗಿದ ಮರುವರ್ಷದ ಚಳೀಲಿ ಕೂರಿಸಿದ್ದು. ಮನೇಲಿ ಆಲೂಗಡ್ಡೇನೂ ಇರ್ಲಿಲ್ಲ. ಮುತ್ತಜ್ಜ ಮಾಡಿದ್ದು ಅಂತ ಹೇಳಿ ಪುರಸಭೆಗೆ ಮಾರಿದ. ದೀಪ ಹಿಡಿದೋಳು ನಾನೇ. ಆಮೇಲೆ ಊರೋರು ಫಲಕ ಹಾಕಿದ್ರು, ಕತ್ತಿ ಉಳಿಸಿಕೊಟ್ಟ ಅಂತ ಬೀದಿಗೆ ಅಪ್ಪನ ಹೆಸರಿಟ್ರು. ಅದೇ ಬೀದೀಲಿ ದಿನಾ ಹಾಲು ತರೋಕೆ ಹೋಗ್ತೀನಿ ಮಗಳೇ. ಎಷ್ಟು ಸಾಕಾಗಿದೆ ಗೊತ್ತಾ?"

"ಗೊತ್ತು." ಸೊಲಾಂಜ್‌ಗೆ ನಿಜವಾಗಿಯೂ ಗೊತ್ತಿತ್ತು. "ಕತ್ತಿ ವಾಪಸ್ ಬರಬೇಕು. ದೆಲ್ಮಾ ಮೊಳೆ ಕಳಚ್ತಾನೆ. ಅದನ್ನ ತಡೆಯೋಕೆ ನನ್ನಿಂದ ಆಗಲ್ಲ."

"ಅಪ್ಪನ ಹೆಸರು?"

"ಅದು ಹೋಗುತ್ತೆ."

ಫಿಲೊಮೆನ್ ಬಹಳ ಹೊತ್ತು ತಲೆ ಆಡಿಸುತ್ತಲೇ ಇದ್ದಳು. ಅತ್ತಿದ್ದರೆ ಸೊಲಾಂಜ್‌ಗೆ ಸುಲಭವಾಗುತ್ತಿತ್ತು. ಅಳಲಿಲ್ಲ.

"ನನ್ನ ಜೈಲಿಗೆ ಹಾಕ್ತಾರಾ? ಈ ಕೋಣೇನೂ ಹೋಗುತ್ತಾ?"

ಸೊಲಾಂಜ್ ಬೂಟು ಹಾಕಿಕೊಂಡಳು. ಹಿಂಬದಿಗೆ ಹೋಗಿ ಕಲ್ಲಿದ್ದಲ ಪೆಟ್ಟಿಗೆಯಿಂದ ಗಂಟನ್ನು ತೆಗೆದಳು. ತೆರೆದ ತಟ್ಟೆ ಬಟ್ಟೆಗೆ ಸಿಕ್ಕಿಕೊಂಡಿತ್ತು. ಬಿಡಿಸಲು ಸಮಯ ಹಿಡಿಯಿತು.

ಹಜಾರದಲ್ಲಿ ಮೂವರೂ ಕಾಯುತ್ತಿದ್ದರು. ಆದೆಲ್ ಕಣ್ಣರಳಿಸಿದಳು.

"ಎಲ್ಲಿತ್ತು, ಮದಾಮ್? ಯಾರು ತಗೊಂಡಿದ್ದು?"

ಹೇಳಲು ಒಂದು ಹೆಸರು ಸಾಕಿತ್ತು. ಹಾಗೆ ಹೆಸರು ಹೇಳಿ ಹೇಳಿ ಸೊಲಾಂಜ್‌ಳ ನಾಲಿಗೆ ಸವೆದಿತ್ತು. ಹಿಂದಿನ ಬಾಗಿಲ ಸಂದಿಯಲ್ಲಿ ಏಪ್ರನ್ನಿನ ಅಂಚು ಕಾಣುತ್ತಿತ್ತು. ತಂದೆಯ ಸುಳ್ಳು ಇನ್ನು ಸ್ವಲ್ಪ ಹೊತ್ತಿನಲ್ಲಿ ಈ ಮೇಜಿನ ಮೇಲೆ ಬಿಚ್ಚಿಕೊಳ್ಳಲಿತ್ತು. ಮಗಳ ಕಳ್ಳತನವೂ ಅದರ ಜೊತೆ ಬಯಲಾಗಬೇಕಾಗಿಲ್ಲ.

"ಉಜ್ಜೋಕೆ ತೆಗೆದವರು ಒಳಗೇ ಮರೆತಿದ್ರು," ಎಂದಳು. "ಕಳ್ಳತನ ಆಗಿಲ್ಲ. ಕಂಪನಿಗೂ ಹಾಗೇ ಬರೀತೀನಿ."

ದೆಲ್ಮಾ ಕತ್ತಿಗೆ ಕೈ ಚಾಚಿದ. ಅವನಿಗೆ ಕೊಡುವ ಮುಂಚೆ ತಟ್ಟೆಯನ್ನು ಮಡಚಲು ಹೋದ ಅವಳ ಬೆರಳು ತಡೆದು ನಿಂತಿತು. ತೆರೆದೇ ಕೊಟ್ಟಳು.

ಬೆಟ್ಟ ಇಳಿಯುವಾಗ ಸೊಂಟ ಮತ್ತೆ ನೋಯತೊಡಗಿತು. ಮನೆಯಲ್ಲಿ ಗಂಡ ಕೇಳುತ್ತಾನೆ: ಇವತ್ತಿನದ್ದು ಏನಾಯಿತು? ಅವನಿಗೂ ಹೇಳಬಾರದು ಎಂದುಕೊಂಡಳು.