ತಳದಲ್ಲಿ ಕೆಂಪು, ಮೇಲೆ ನೀಲಿ

"ಟ್ಯೂಬ್ ಅಲುಗಾಡಿಸಿದ್ದು ನೀವೇ ತಾನೆ?"

ಹೂಟಗಳ್ಳಿಯ ಲ್ಯಾಬಿನ ಬಾಗಿಲಲ್ಲೇ ಸಂಶೋಧಕಿ ಮಾಲವಿಕಾ ಸಿಡಿದಳು. ಅಕ್ಕನ ಬಾಣಂತನಕ್ಕೆ ಹೋದವಳು ಇಪ್ಪತ್ತೊಂದು ದಿನ ಕಳೆದು ಈಗಷ್ಟೇ ಮರಳಿದ್ದಳು.

ಹೋಗುವ ಮುನ್ನ ಉದ್ದನೆಯ ಗಾಜಿನ ಟ್ಯೂಬಿನ ನೀರಿನಲ್ಲಿ ಎರಡು ಬಗೆಯ ಅತಿಸಣ್ಣ ಕಣಗಳನ್ನು ಬೆರೆಸಿಟ್ಟಿದ್ದಳು. ನೀಲಿಯವು ದೊಡ್ಡವು, ಜೆಲ್ಲಿಯಂತೆ ಮೆತ್ತಗೆ. ಕೆಂಪಿನವು ಚಿಕ್ಕವು, ಗಟ್ಟಿ. ಅವಳ ಲೆಕ್ಕದಂತೆ ದೊಡ್ಡವೇ ಮೊದಲು ತಳ ಸೇರಬೇಕಿತ್ತು. ಈಗ ನೋಡಿದರೆ ತಳದಲ್ಲಿ ಕೆಂಪು, ಮೇಲೆ ನೀಲಿ!

"ಮುಟ್ಟಿಲ್ಲ ಕಣ್ರೀ!" ಲ್ಯಾಬ್ ಸಹಾಯಕ ಬೀರೇಶನ ದನಿ ಏರಿತು. "ಟೇಬಲ್ ಅದುರುತ್ತೆ ಅಂತ ಫ್ಯಾನೂ ಹಾಕ್ದೆ ಬೆವರಲ್ಲಿ ಕೂತಿದ್ದೀನಿ. ದಿನಾ ನೋಡಿ ಬರ್ದಿಟ್ಟಿದ್ದೀನಿ, ಓದಿ!"

ನೋಟ್‌ಬುಕ್ ಮೇಜಿನ ಮೇಲೆ ಬಿತ್ತು. ಅವಳು ತೆರೆಯಲೇ ಇಲ್ಲ.

"ಒಂಬತ್ತನೇ ಕ್ಲಾಸಿಗೆ ಸ್ಕೂಲ್ ಬಿಟ್ಟೋರು ಬರೆದಿದ್ದನ್ನ ನಾನು ನಂಬಬೇಕಾ?"

ಓದಿದವರ ಬಾಯಿಗೆ ಆ ಮಾತು ಎಷ್ಟು ಸುಲಭ!

'ಅಯ್ಯೋ... ಏನಂದುಬಿಟ್ಟೆ ನಾನು!' ಎರಡು ವರ್ಷ ಪ್ರತಿ ಸಂಜೆ ಬಸ್‌ಸ್ಟಾಪಿನವರೆಗೆ ಜೊತೆಗೆ ನಡೆದವನು ಅವನು.

"ಗ್ಲಾಸು ತೊಳೆಯೋಕೆ ಈ ಕೈ ಬೇಕು. ಇದೇ ಕೈ ಬರೆದ್ರೆ ಸುಳ್ಳು, ಅಲ್ವಾ? ನೀವೇ ಇಟ್ಕೊಳ್ಳಿ ನಿಮ್ ಲ್ಯಾಬು!"

ಬೀಗದಕೈ ಎಸೆದು ಹೊರಟೇಹೋದ.

ಹಠಕ್ಕೆ ಬಿದ್ದು ಅವಳು ಹೊಸ ಟ್ಯೂಬ್ ಇಟ್ಟಳು. ಬೀಗವನ್ನೂ ತಾನೇ ಹಾಕಿದಳು. ಇಪ್ಪತ್ತೊಂದನೇ ದಿನ... ತಳದಲ್ಲಿ ಕೆಂಪು, ಮೇಲೆ ನೀಲಿ!

ಅವನ ನೋಟ್‌ಬುಕ್ ತೆರೆದಳು. ಒಂದೊಂದು ದಿನದ ಬರಹವೂ ಹೊಸ ಟ್ಯೂಬಿಗೆ ತಾಳೆಯಾಗುತ್ತಿತ್ತು. ಆರನೇ ದಿನ ಬರೆದಿದ್ದ: 'ನೀಲಿ ಕಣ ನೀರು ಕುಡಿದು ಊದಿ ನೀರಿನಷ್ಟೇ ಹಗುರ ಆಗಿದೆ ಅನ್ಸುತ್ತೆ, ನೆನೆಸಿದ ಸಬ್ಬಕ್ಕಿ ತರ. ಅದಕ್ಕೇ ಇಳೀತಿಲ್ಲ.'

ಅವಳೋ ನೀಲಿ ಕಣಗಳ ಒಣಪುಡಿಯ ತೂಕ ಹಿಡಿದು ಲೆಕ್ಕ ಹಾಕಿದ್ದಳು!

ಕೊನೆಯ ಸಾಲು: 'ನಾಳೆ ಅವರು ಬರ್ತಾರೆ.'

ಕಣ್ಣು ತುಂಬಿತು.

ಬೀರೇಶ್ ಹೊಸದಾಗಿ ಕೆಲಸಕ್ಕೆ ಸೇರಿದ್ದ ಕೆಸರೆಯ ಬೈಕ್ ಗ್ಯಾರೇಜಿಗೆ ಅವಳು ಹೋದಾಗ ಅವನು ಚಕ್ರ ಬಿಚ್ಚುತ್ತಿದ್ದ. ತಲೆ ಎತ್ತಲಿಲ್ಲ.

"ಯಾಕ್ ಬಂದ್ರಿ? ಇಲ್ಲೂ ಏನಾದ್ರೂ ಅಲುಗಾಡಿಸ್ಬುಟ್ನಾ?"

"ತಪ್ಪು ನಂದು. ಲ್ಯಾಬಲ್ಲಿ ಎಲ್ಲರ ಮುಂದೆ ಹೇಳಿ ಬಂದೆ. ವರದಿಯಲ್ಲಿ ನಿಮ್ಮ ಹೆಸರೂ ಇದೆ."

ಸ್ಪ್ಯಾನರ್ ನೆಲಕ್ಕೆ ಬಿತ್ತು.

"ಹೆಸರು ಯಾರಿಗೆ ಬೇಕ್ರೀ! ಇಪ್ಪತ್ತೊಂದು ದಿನ ನಾನು ಕಾದಿದ್ದು ಟ್ಯೂಬನ್ನಲ್ಲ, ನಿಮ್ಮನ್ನ!"

ಆಡಿದ ಮೇಲೆ ಅವನೇ ಬೆಚ್ಚಿದ.

"ನಾನೂ..."

"ಏನು ನಾನೂ? ಪೂರ್ತಿ ಹೇಳಿ!"

"ನೀವಂದ್ರೆ ಪ್ರಾಣ, ಬೀರೇಶ್."

ಅವನು ಮುಖ ತಿರುಗಿಸಿದ. "ನನ್ ಕೋಪ ಇನ್ನೂ ಇಳ್ದಿಲ್ಲ."

"ಇಳಿಯೋವರೆಗೂ ಇಲ್ಲೇ ಕೂತಿರ್ತೀನಿ."

ಅವನು ಸ್ಟೂಲ್ ಒರೆಸಿ ಅವಳತ್ತ ತಳ್ಳಿದ.

"ಕೂತ್ಕೊಳ್ಳಿ ಮತ್ತೆ. ಆದ್ರೆ... ಅಲುಗಾಡ್ಬೇಡಿ!"