ಪುರಭವನದ ಗೋಡೆಯಲ್ಲಿ ಮುಚ್ಚಿದ ಮುಖ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಠಾಣೆಗೆ ಬಂದ ದೂರು ವಿಚಿತ್ರವಾಗಿತ್ತು. ಪುರಭವನದ ಹಳೆಯ ಗೋಡೆಚಿತ್ರದಲ್ಲಿ ಒಬ್ಬ ಹೆಂಗಸಿನ ಮುಖಕ್ಕೆ ಯಾರೋ ಬಿಳಿ ಬಳಿದಿದ್ದರು. ದೂರು ತಂದವಳು ಪ್ರವಾಸಿಗರಿಗೆ ಊರು ತೋರಿಸುವ ಗೈಡ್. ಚಿತ್ರದಲ್ಲಿ ಮಾರುಕಟ್ಟೆಯ ಜನವೆಲ್ಲ ಸರಕು ನೋಡುತ್ತಿದ್ದರೆ, ತರಕಾರಿ ಬುಟ್ಟಿಯ ಹೆಂಗಸು ಮಾತ್ರ ಚಿತ್ರಕಾರನನ್ನೇ ನೋಡುತ್ತಿದ್ದಳು. ಆ ನೋಟವನ್ನು ಮೊದಲು ಗಮನಿಸಿದ್ದು ತಾನೇ ಎಂದು ಗೈಡ್ ತನ್ನ ಫೋನಿನಲ್ಲಿದ್ದ ಹಳೆಯ ಫೋಟೋ ತೋರಿಸಿದಳು.

ಸಾರ್ವಜನಿಕ ಸ್ವತ್ತಿಗೆ ಹಾನಿ ಎಂದು ಎಫ್‌ಐಆರ್ ದಾಖಲಾಯಿತು. ಪಂಚನಾಮೆಯ ಹೊತ್ತಿನಲ್ಲಿ ಇನ್ಸ್‌ಪೆಕ್ಟರ್ ಒದ್ದೆ ಹತ್ತಿಯಿಂದ ಅಂಚನ್ನು ಒರೆಸಿದರು. ಬಿಳಿ ಸಲೀಸಾಗಿ ಬಿಟ್ಟುಬಂತು. ಕೆಳಗಿನ ಕೆನ್ನೆಗೆ ಏನೂ ಆಗಿರಲಿಲ್ಲ.

"ಹಾಳು ಮಾಡೋಕೆ ಬಂದೋನು ಇಷ್ಟು ನಾಜೂಕಾಗಿ ಮಾಡ್ತಾನಾ ಸಾರ್?" ಎಂದ ಪೇದೆ.

"ಹಾಳು ಮಾಡೋಕಲ್ಲಪ್ಪ, ಮುಚ್ಚೋಕೆ ಬಂದಿದ್ದಾನೆ."

ಮುಖ ಇದ್ದದ್ದು ಏಣಿ ಇಲ್ಲದೆ ಎಟುಕದ ಎತ್ತರದಲ್ಲಿ. ಭಾನುವಾರ ಪುರಭವನಕ್ಕೆ ಬೀಗ ಹಾಕಿತ್ತು; ಶನಿವಾರ ಏಣಿ ತಂದಿದ್ದವನು ಬಾಗಿಲುಗಳ ಮೇಲೆ ಹೆಸರು ಬರೆಯಲು ಬಂದ ಬೋರ್ಡ್ ಪೇಂಟರ್ ಒಬ್ಬನೇ, ತಾನು ಆಗ ಊಟಕ್ಕೆ ಹೋಗಿದ್ದೆ ಎಂದು ಕಾವಲುಗಾರ ತಲೆ ಕೆರೆದುಕೊಂಡ. ಇನ್ಸ್‌ಪೆಕ್ಟರ್ ಗೈಡ್ ಕಡೆ ತಿರುಗಿದರು.

"ಈ ಹೆಂಗಸಿನ ಬಗ್ಗೆ ಜನಕ್ಕೆ ಏನ್ ಹೇಳ್ತೀರಿ?"

"ಚಿತ್ರಕಾರನ ಗುಟ್ಟಿನ ಪ್ರೇಯಸಿ ಅಂತ. ಗಂಡನ ಕಣ್ಣು ತಪ್ಪಿಸಿ ಬರ್ತಿದ್ಲು ಅಂತ."

"ಯಾರು ಹೇಳಿದ್ರು ನಿಮಗೆ?"

"ಯಾರೂ ಇಲ್ಲ ಸರ್. ನೋಟ ನೋಡಿದ್ರೆ ಹಾಗನ್ಸುತ್ತೆ." ಶನಿವಾರ ಆ ಪೇಂಟರ್ ಕೂಡ ಇದನ್ನೇ ಕೇಳಿದ್ದ ಎಂಬುದು ಅವಳಿಗೆ ಆಗ ನೆನಪಾಯಿತು.

ಮಂಗಳವಾರ ಬೆಳಿಗ್ಗೆ ಪೇಂಟರ್ ಮನೆಯಲ್ಲಿ ಸೀಮೆಸುಣ್ಣದ ಪುಡಿ, ಗೋಂದು, ಸಣ್ಣ ಕುಂಚ ಸಿಕ್ಕವು. ಅವನು ಅಲ್ಲಗಳೆಯಲಿಲ್ಲ. ಒಳಕೋಣೆಯ ಮಂಚದಿಂದ ಮುದುಕಿಯೊಬ್ಬಳು ಬಂದವರು ಯಾರೆಂದು ತಲೆಯೆತ್ತಿ ನೋಡಿದಳು. ಫೋಟೋದಲ್ಲಿ ಕಂಡ ಕಣ್ಣುಗಳನ್ನು ಇನ್ಸ್‌ಪೆಕ್ಟರ್ ತಕ್ಷಣ ಗುರುತಿಸಿದರು.

ಪೇಂಟರ್ ದನಿ ತಗ್ಗಿಸಿದ. "ಗುರುವಾರ ನನ್ನ ಮಗಳ ಶಾಲೆಯವ್ರು ಚಿತ್ರ ನೋಡೋಕೆ ಹೋಗ್ತಾರೆ. ನಮ್ಮಜ್ಜಿ ಗೋಡೆ ಮೇಲಿದ್ದಾಳೆ ಅಂತ ಕ್ಲಾಸಿಗೆಲ್ಲ ಹೇಳ್ಕೊಂಡು ಬಂದಿದೆ ಮಗು. ಅಲ್ಲಿ ಆ ಕತೆ ಕೇಳಿಸ್ಕೊಂಡ್ರೆ? ಮುಖಾನೇ ಕಾಣ್ದಿದ್ರೆ ಕತೆ ಹೇಳಲ್ಲ ಅಂದ್ಕೊಂಡೆ. ಗುರುವಾರ ಕಳೆದ ಮೇಲೆ ನಾನೇ ಒರೆಸ್ತಿದ್ದೆ."

"ಮತ್ತೆ ಆ ನೋಟ?" ಇದು ತನಿಖೆಗೆ ಬೇಕಾದ ಪ್ರಶ್ನೆಯಾಗಿರಲಿಲ್ಲ. ಆದರೂ ಇನ್ಸ್‌ಪೆಕ್ಟರಿಗೆ ಕೇಳದೆ ಇರಲಾಗಲಿಲ್ಲ.

"ಆ ಚಿತ್ರಕಾರ ಏನೂ ಹಿಡ್ಕೊಳ್ದೆ ಅಟ್ಟಣಿಗೆ ಮೇಲೆ ನಿಂತು ಬರೀತಿದ್ನಂತೆ. ಎಲ್ಲಿ ಬಿದ್ದುಬಿಡ್ತಾನೋ ಅಂತ ಅಮ್ಮ ಹೆದರಿ ನೋಡ್ತಿದ್ರು. ಅಷ್ಟೇ ಸರ್."

ಹನ್ನೊಂದು ಗಂಟೆಗೆ ಬಂಧನವಾಯಿತು. ಮಗನನ್ನು ಎಲ್ಲಿಗೆ ಕರೆದೊಯ್ಯುತ್ತೀರಿ ಎಂದು ಮುದುಕಿ ಕೇಳಿದಾಗ, ಪುರಭವನದ ಕೆಲಸ ಸ್ವಲ್ಪ ಬಾಕಿ ಇದೆ ಎಂದರು ಇನ್ಸ್‌ಪೆಕ್ಟರ್. ಸಂಜೆ ಜಾಮೀನು ಸಿಕ್ಕಿತು. ತಾಯಿಯ ಮಾನಕ್ಕೆ ಅಂಜಿ ಮಾಡಿದ ಕೃತ್ಯ ಎಂದು ಕಡತದಲ್ಲಿ ದಾಖಲಾಯಿತು.

ಗೈಡ್ ಠಾಣೆಯಲ್ಲೇ ಕಾದಿದ್ದಳು. ಆ ಹೆಂಗಸು ಹೆದರಿ ನೋಡುತ್ತಿದ್ದಳೆಂದು ಇನ್ಸ್‌ಪೆಕ್ಟರಿಂದ ಕೇಳಿ ಮತ್ತೆ ಫೋನ್ ತೆರೆದು ಬಹಳ ಹೊತ್ತು ನೋಡಿದಳು. ಪ್ರೀತಿ ಎಂದುಕೊಂಡಿದ್ದ ಕಣ್ಣುಗಳಲ್ಲಿ ಈಗ ಗಾಬರಿ ಕಂಡಿತು.

"ಯಾರು ಸರ್ ಇವರು?"

"ಗುರುವಾರ ಶಾಲೆ ಮಕ್ಕಳಿಗೆ ಇವತ್ತು ಕೇಳಿದ್ದನ್ನ ಹೇಳಿ," ಎಂದರು ಇನ್ಸ್‌ಪೆಕ್ಟರ್. "ಯಾರು ಅಂತ ಅವರಲ್ಲೇ ಒಬ್ಬಳು ನಿಮಗೆ ಹೇಳ್ತಾಳೆ."